ಎರಡು ರಾತ್ರಿಯ ಕಾಯಿಲೆ

ರಂಜಿನಿ ಆ ಸುಳ್ಳನ್ನು ಹೇಳಿದ್ದು ಶನಿವಾರ ಬೆಳಗ್ಗೆ ಎಂಟು ಗಂಟೆಗೆ, ಅವಲಕ್ಕಿಗೆ ಒಗ್ಗರಣೆ ಹಾಕುತ್ತಾ. ಸಾಸಿವೆ ಸಿಡಿದು ಮುಗಿಯುವಷ್ಟರಲ್ಲಿ ಹೇಳಿಯೂ ಮುಗಿದಿತ್ತು. ನಲವತ್ತೇಳು ವರ್ಷದ ಬದುಕಿನಲ್ಲಿ ಅವಳು ಸುಳ್ಳೇ ಹೇಳಿರಲಿಲ್ಲವೆಂದಲ್ಲ. ತಲೆನೋವು ಇಲ್ಲವೆಂದು, ಸೀರೆ ಹಳೆಯದೆಂದು, ನಿನ್ನೆಯ ಚಪಾತಿಯೇ ತನಗೆ ಇಷ್ಟವೆಂದು ಹೇಳುತ್ತಲೇ ಬಂದಿದ್ದಳು. ಅವೆಲ್ಲ ಮನೆಯೊಳಗೆ ಹುಟ್ಟಿ ಮನೆಯೊಳಗೇ ಸಾಯುವ ಸಾಧು ಸುಳ್ಳುಗಳು. ಕಾಲು ಮೂಡಿ ಬೀದಿಗಿಳಿದ ಸುಳ್ಳು ಇದೇ ಮೊದಲು.

ಅಸಲು ವಿಷಯ ಇಷ್ಟೇ. ಬುಧವಾರ ಭದ್ರಾವತಿಯಿಂದ ತಂಗಿ ಕವನ ಫೋನ್ ಮಾಡಿದ್ದಳು. "ಅಕ್ಕ, ಶನಿವಾರ ಮಧ್ಯಾಹ್ನದ ರೈಲಿಗೆ ಮೈಸೂರಿಗೆ ಎರಡು ಟಿಕೆಟ್ ಮಾಡ್ಸಿದೀನಿ. ನೀನು ಶಿವಮೊಗ್ಗದಲ್ಲಿ ಹತ್ತು. ನಾನು ಭದ್ರಾವತೀಲಿ ಹತ್ತಿ ನಿನ್ನ ಪಕ್ಕ ಕೂತ್ಕೋತೀನಿ. ಎರಡು ರಾತ್ರಿ ಲಾಡ್ಜು. ಭಾನುವಾರ ಸಂಜೆ ಅರಮನೆ ಮುಂದೆ ಕೂತು ಕಡಲೆಕಾಯಿ ತಿನ್ನೋದು. ನಾವಿಬ್ರೇ."

"ಯಾಕೆ?" ಎಂದಿದ್ದಳು ರಂಜಿನಿ.

"ಸುಮ್ನೆ, ಮಾರಾಯ್ತಿ!"

ಸುಮ್ಮನೆ ಎಲ್ಲಿಗಾದರೂ ಹೋಗಬಹುದೆಂಬುದೇ ರಂಜಿನಿಗೆ ಮರೆತುಹೋಗಿತ್ತು. ಮದುವೆಯಾದ ಇಪ್ಪತ್ತನಾಲ್ಕು ವರ್ಷದಲ್ಲಿ ಅಕ್ಕತಂಗಿಯರು ಸಿಕ್ಕಿದ್ದೆಲ್ಲ ಮದುವೆ, ಬಾಣಂತನ, ತಿಥಿಗಳಲ್ಲಿ. ಮಾತಾಡಿದ್ದೆಲ್ಲ ಯಾರದೋ ಅಡುಗೆಮನೆಯ ಮೂಲೆಯಲ್ಲಿ, ಒಬ್ಬಳ ಮುಂದೆ ಈಳಿಗೆಮಣೆ, ಇನ್ನೊಬ್ಬಳ ಮುಂದೆ ಕಾಯಿ ತುರಿ. ನಿಜ ಹೇಳಬೇಕೆಂದರೆ ರಂಜಿನಿಗೆ ಅರಮನೆಯ ಮೇಲೆ ಅಂಥ ಮೋಹವೇನೂ ಇರಲಿಲ್ಲ. ಅವಳ ಕಣ್ಣಿಗೆ ಕಟ್ಟಿದ್ದು ಲಾಡ್ಜಿನ ಮಂಚ. ಬೆಳಗ್ಗೆ ಎಂಟಕ್ಕೆ ಎಚ್ಚರವಾಗುವುದು, ಎಚ್ಚರವಾದರೂ ಏಳದೇ ಇರುವುದು, ಮಲಗಿದ್ದಲ್ಲಿಂದಲೇ ಫೋನೆತ್ತಿ "ಎರಡು ಕಾಫಿ" ಎನ್ನುವುದು. ಬುಧವಾರದಿಂದ ಪಾತ್ರೆ ತೊಳೆಯುವಾಗೆಲ್ಲ ಆ "ಎರಡು ಕಾಫಿ"ಯನ್ನು ಮೆಲ್ಲಗೆ ಹೇಳಿ ಅಭ್ಯಾಸ ಮಾಡಿಕೊಂಡಿದ್ದಳು.

ಆದರೆ ಮನೆಯಲ್ಲಿ ತಿಳಿಸಬೇಕಲ್ಲ. ಶಿವಮೊಗ್ಗದ ಆಲ್ಕೊಳ ಬಡಾವಣೆಯ ಆ ಮನೆಯಲ್ಲಿ ಹೆಂಗಸರನ್ನು ಯಾರೂ ತಡೆಯುತ್ತಿರಲಿಲ್ಲ. ಯಾಕೆ ಎಂದು ಕೇಳುತ್ತಿದ್ದರು, ಅಷ್ಟೆ. ಆ ಒಂದು ಪ್ರಶ್ನೆಗೆ ಹೆದರಿ ಬುಧವಾರ ಗುರುವಾರಕ್ಕೆ ಹೋಯಿತು, ಗುರುವಾರ ಶುಕ್ರವಾರಕ್ಕೆ. ಶನಿವಾರ ಬೆಳಗ್ಗೆ ಮುಂದೂಡಲು ದಿನವೇ ಉಳಿಯಲಿಲ್ಲ.

"ರೀ, ಇವತ್ತು ಮಧ್ಯಾಹ್ನ ನಾನೂ ಕವನಾನೂ ಮೈಸೂರಿಗೆ ಹೋಗ್ತಿದೀವಿ."

ಗಂಡ ಕಾಂತರಾಜ್ ಪೇಪರಿನಿಂದ ತಲೆಯೆತ್ತಿದ. ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಅವನು ಸ್ಟೋರ್‌ಕೀಪರ್. ಯಾಕೆ, ಎಷ್ಟು, ವಾಪಸ್ಸು ಯಾವಾಗ ಎಂದು ಕೇಳದೆ ಒಂದು ಬೋಲ್ಟನ್ನೂ ಹೊರಗೆ ಬಿಟ್ಟವನಲ್ಲ.

"ಯಾಕೆ?"

ಸುಮ್ನೆ ಎಂಬ ಮಾತು ರಂಜಿನಿಯ ನಾಲಿಗೆಯ ತುದಿಯವರೆಗೆ ಬಂತು. ಹೊರಗಿಣುಕಿ ನೋಡಿತು. ಕಾಂತರಾಜನ ಮುಖ ಕಂಡು ಹಿಂದಕ್ಕೆ ಹೋಯಿತು.

"ಶೇಷಮ್ಮ ದೊಡ್ಡಮ್ಮಂಗೆ ಹುಷಾರಿಲ್ಲ."

ಶೇಷಮ್ಮ ಅಂದರೆ ರಂಜಿನಿಯ ಅಮ್ಮನ ಅಕ್ಕ. ಮೈಸೂರಿನಲ್ಲಿ ಮಗನ ಜೊತೆಗಿದ್ದರು. ಎಂಬತ್ತೆರಡು ವರ್ಷ, ಗುಂಡುಕಲ್ಲಿನಂಥ ಆರೋಗ್ಯ. ಮನಸ್ಸಿನಲ್ಲೇ ಅವರ ಕಾಲಿಗೆ ಬಿದ್ದು ಕ್ಷಮೆ ಕೇಳಿಕೊಂಡಳು ರಂಜಿನಿ.

"ಏನಾಗಿದೆ?" ದೇವರ ಮನೆಯಿಂದ ಅತ್ತೆ ಉಚ್ಚಂಗಮ್ಮನ ದನಿ ಬಂತು.

"ಸುಸ್ತು, ಅತ್ತೆ."

"ಬರೀ ಸುಸ್ತಾ?"

ಆ ಮನೆಯಲ್ಲಿ ಕಾಯಿಲೆಗಳಿಗೆ ಒಂದು ಕಟ್ಟಳೆಯಿತ್ತು. ಸುಸ್ತಾದರೆ ಫೋನಿನಲ್ಲಿ ವಿಚಾರಿಸಿದರೆ ಸಾಕು. ಜ್ವರಕ್ಕೆ ಹಣ್ಣು ಕೊಟ್ಟು ಸಂಜೆಯೊಳಗೆ ಮನೆಗೆ ಬರಬೇಕು. ಬಿದ್ದು ಕಾಲು ಮುರಿದುಕೊಂಡರೆ ಒಂದು ರಾತ್ರಿ. ರಂಜಿನಿಗೆ ಬೇಕಾದದ್ದು ಎರಡು ರಾತ್ರಿ. ಎರಡು ರಾತ್ರಿಗೆ ಸಲ್ಲುವ ಕಾಯಿಲೆ ಯಾವುದೆಂದು ತಡಕಾಡಿದ ಅವಳ ಬಾಯಿಗೆ ಸಿಕ್ಕಿದ್ದು ಒಂದೇ ಮಾತು.

"ಊಟ ಬಿಟ್ಟಿದಾರಂತೆ."

ದೇವರ ಮನೆಯ ಗಂಟೆ ನಿಂತಿತು. ಉಚ್ಚಂಗಮ್ಮ ಸೊಂಟದ ಮೇಲೆ ಕೈಯಿಟ್ಟು ಬಾಗಿಲಿಗೆ ಬಂದರು. ಕಾಂತರಾಜ್ ಪೇಪರು ಮಡಿಸಿದ. ಅವರ ಮುಖ ನೋಡಿದಾಗಲೇ ರಂಜಿನಿಗೆ ತನ್ನ ತಪ್ಪು ಹೊಳೆದದ್ದು. ಎಂಬತ್ತು ದಾಟಿದ ಜೀವ ಊಟ ಬಿಟ್ಟಿದೆಯೆಂದರೆ ಆ ಕಡೆಯವರ ಅರ್ಥದಲ್ಲಿ ಅದು ಕಾಯಿಲೆಯಲ್ಲ, ಕರೆ. ಬಂಧುಗಳೆಲ್ಲ ಹೋಗಿ ಮುಖ ನೋಡಿ ಬರಬೇಕು. ಕೈಯಾರೆ ಮಾಡಿದ್ದು ಒಂದು ತುತ್ತು ಬಾಯಿಗಿಡಬೇಕು. ಹೋಗದೇ ಉಳಿದವರನ್ನು ಆಮೇಲೆ ಮೂರು ತಲೆಮಾರು ಆಡಿಕೊಳ್ಳುತ್ತದೆ.

"ನಾನೂ ಬರ್ತೀನಿ" ಎಂದರು ಉಚ್ಚಂಗಮ್ಮ. "ಶೇಷಮ್ಮ ನನ್ನ ವಾರಿಗೆಯವಳು. ನಿಮ್ಮ ಮದುವೇಲಿ ನಂಗೆ ಅಂತ ಪ್ರತ್ಯೇಕ ಎಲೆ ಹಾಕಿಸಿದ್ಲು, ಪುಣ್ಯಾತ್ಗಿತ್ತಿ."

"ನಿಮ್ಮ ಮಂಡಿ, ಅತ್ತೆ! ರೈಲು ಹತ್ತೋದು ಕಷ್ಟ."

"ರೈಲ್ಯಾಕೆ?" ಎಂದ ಕಾಂತರಾಜ್. ಅವನಾಗಲೇ ಫೋನ್ ಕೈಗೆತ್ತಿಕೊಂಡಿದ್ದ. "ಹಾಲೇಶನ ವ್ಯಾನ್ ಹೇಳ್ತೀನಿ. ನಾನೂ ರಜ ಹಾಕ್ತೀನಿ. ಭದ್ರಾವತೀಲಿ ಕವನ, ಭೀಮೇಶ್ ಇಬ್ರನ್ನೂ ಹತ್ತಿಸ್ಕೊಂಡು ಹೋಗೋಣ. ಮೊದ್ಲು ಮೈಸೂರಿಗೊಂದು ಫೋನ್ ಮಾಡಿ ಕೇಳ್ತೀನಿ."

ರಂಜಿನಿಯನ್ನು ಉಳಿಸಿದವರು ಉಚ್ಚಂಗಮ್ಮ.

"ಬುದ್ಧಿ ಇದೆಯೇನೋ? ಊಟ ಬಿಟ್ಟೋರ ಮನೆಗೆ ಫೋನ್ ಮಾಡಿ ಹೆಂಗಿದಾರೆ ಅಂತ ಕೇಳ್ತಾರಾ? ಇದಾರಾ, ಇಲ್ವಾ ಅಂತ ಕೇಳ್ದಂಗೆ ಆಗುತ್ತೆ. ಸುಮ್ನೆ ಹೋಗಿ ಮುಂದೆ ನಿಂತ್ಕೋಬೇಕು, ಅಷ್ಟೆ."

ಇಷ್ಟಾಗುವಾಗ ಕಾಂಪೌಂಡಿನ ಆಚೆ ಕಲ್ಲಮ್ಮ ಬಟ್ಟೆ ಒಣಗಿಸುತ್ತಿದ್ದರು. ಕಲ್ಲಮ್ಮ ಬಟ್ಟೆ ಒಣಗಿಸುವುದೆಂದರೆ ಒಂದು ಟವೆಲಿಗೆ ಹತ್ತು ನಿಮಿಷ. ಅದು ಒಣಗುವವರೆಗೂ ಅಲ್ಲೇ ನಿಂತಿರುವುದೂ ಉಂಟು. ಎರಡನೆಯ ಟವೆಲನ್ನು ಹಿಂಡದೆ ಬಕೆಟಿಗೆ ಬಿಟ್ಟು ಒಳಗೇ ಬಂದರು.

"ರಂಜಿನಿ, ಮೈಸೂರಿನ ಶೇಷಮ್ಮನೋರಾ? ಅಯ್ಯೋ ಶಿವನೇ! ನನ್ನ ಮಗಳ ಹೆರಿಗೇಲಿ ಮೂರು ದಿನ ಅವ್ರ ಮನೇಲಿ ಉಂಡಿದೀನಿ. ಅನ್ನದ ಋಣ ಕಣೇ. ನಾನು ಬರ್ದೇ ಇದ್ರೆ ಮೇಲಿರೋನು ಮೆಚ್ಚಲ್ಲ."

"ನಿಮಗ್ಯಾಕೆ ತೊಂದ್ರೆ, ಕಲ್ಲಮ್ಮಕ್ಕ..."

"ಋಣ ತೀರ್ಸೋದು ತೊಂದ್ರೆ ಏನೇ?" ಎಂದವರು ದನಿ ತಗ್ಗಿಸಿದರು. "ಹೆಂಗೂ ಅಲ್ಲಿವರೆಗೆ ಹೋಗಿರ್ತೀವಲ್ಲ, ಬರ್ತಾ ಬೆಟ್ಟ ಹತ್ತಿ ಚಾಮುಂಡೇಶ್ವರಿಗೆ ಒಂದು ಕೈ ಮುಗಿಯೋಣ. ದುಃಖದಲ್ಲಿ ದೇವ್ರನ್ನ ನೋಡಿದ್ರೆ ತಪ್ಪಿಲ್ಲ. ಮೃಗಾಲಯಾನೂ ದಾರೀಲೇ ಸಿಗುತ್ತೆ ಅನ್ಸುತ್ತೆ."

ಒಂಬತ್ತಕ್ಕೆ ಸುಳ್ಳಿಗೆ ಮೈ ಬಂದಿತ್ತು, ಒಂಬತ್ತೂವರೆಗೆ ವ್ಯಾನೂ ಬಂದಿತ್ತು. ಹತ್ತಕ್ಕೆ ಉಚ್ಚಂಗಮ್ಮ ಅಟ್ಟದಿಂದ ಶಾವಿಗೆ ಒರಳು ಇಳಿಸಿದರು.

"ಶೇಷಮ್ಮಂಗೆ ಒತ್ತುಶಾವಿಗೆ ಅಂದ್ರೆ ಪ್ರಾಣ. ಹಲ್ಲಿಗೆ ಮೆತ್ತಗೆ. ಕಾಯಿಹಾಲು ಹಾಕಿ ಒಂದು ತುತ್ತು ಕೊಟ್ರೆ ಜೀವ ನೆಮ್ಮದಿಯಾಗಿ... ಹ್ಞಾಂ. ಮಾಡು, ಮಾಡು. ದಾರೀಲಿ ನಮಗೂ ಬೇಕು, ಅಲ್ಲಿ ಬಂದೋರಿಗೂ ಬೇಕು. ಒಂದು ಮೂರು ಸೇರು ಹಿಟ್ಟು ಕುದಿಸ್ಬಿಡು."

ಎರಡು ದಿನ ಒಲೆಯ ಮುಖ ನೋಡಬಾರದೆಂದು ಹೊರಟವಳು ಎರಡು ಒಲೆಯ ನಡುವೆ ನಿಂತಳು. ಬಿಸಿ ಉಂಡೆಗಳನ್ನು ಒರಳಿಗಿಟ್ಟು ಹಿಡಿಯ ಮೇಲೆ ಮೈಭಾರವೆಲ್ಲ ಹಾಕಿ ಒತ್ತಿದಳು. ಶಾವಿಗೆ ಎಳೆಯೆಳೆಯಾಗಿ ಇಳಿಯಿತು, ಅವಳ ಬೆವರೂ. ಬೆಳಗಿನ ಅವಲಕ್ಕಿಯನ್ನು ಹಾಲೇಶನಿಗೆ ಕೊಟ್ಟಾಯಿತು. ಮಧ್ಯೆ ಎರಡು ಸಲ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಶೇಷಮ್ಮ ದೊಡ್ಡಮ್ಮನಿಗೆ ಫೋನ್ ಮಾಡಿದಳು. 'ದೊಡ್ಡಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ, ಸಂಜೆ ನಾವು ಬರೋ ಹೊತ್ತಿಗೆ ಸ್ವಲ್ಪ ಮಲಗಿರಿ, ಏನೂ ತಿನ್ಬೇಡಿ' ಎಂದು ಬೇಡಿಕೊಳ್ಳುವ ಆಸೆ. ಎರಡು ಸಲವೂ ಸ್ವಿಚ್ ಆಫ್. ಕವನಳಿಗೆ ಮಾಡಿದರೆ ಅವಳು ಬ್ಯೂಟಿ ಪಾರ್ಲರಿನಲ್ಲಿ ಮುಖಕ್ಕೇನೋ ಬಳಿದುಕೊಂಡು ಕಣ್ಣುಮುಚ್ಚಿ ಕೂತಿದ್ದಳು. "ಅಕ್ಕ, ಮಾತಾಡಿದ್ರೆ ಬಿರುಕು ಬಿಡುತ್ತಂತೆ. ರೈಲಲ್ಲಿ ಸಿಗ್ತೀನಿ" ಎಂದು ಹಲ್ಲು ಬಿಚ್ಚದೆ ಹೇಳಿ ಇಟ್ಟೇಬಿಟ್ಟಳು.

ಹನ್ನೆರಡಕ್ಕೆ ವ್ಯಾನ್ ಹೊರಟಿತು. ಮುಂದೆ ಕಾಂತರಾಜ್, ನಡುವೆ ಕಾಲು ನೀಡಿಕೊಂಡು ಉಚ್ಚಂಗಮ್ಮ, ಹಿಂದೆ ಮಠದ ವಿಭೂತಿ, ತಲೆದಿಂಬು, ಬಿಸಿಲಿಗೆ ಛತ್ರಿ ಹಿಡಿದ ಕಲ್ಲಮ್ಮ. ಅವರ ಪಕ್ಕ ತೊಡೆಯ ಮೇಲೆ ದೊಡ್ಡ ಸ್ಟೀಲ್ ಡಬ್ಬಿ ಹೊತ್ತ ರಂಜಿನಿ. ಡಬ್ಬಿಯ ಬಿಸಿ ಸೀರೆಯ ಮೂಲಕ ತೊಡೆ ಸುಡುತ್ತಿತ್ತು. ಸುಳ್ಳಿಗೆ ನರಕದಲ್ಲಿ ಏನು ಶಿಕ್ಷೆಯೆಂದು ಪುರಾಣದವರು ಬರೆದಿದ್ದಾರೋ ಅವಳಿಗೆ ಗೊತ್ತಿರಲಿಲ್ಲ. ಬಿಸಿ ಶಾವಿಗೆಯ ಡಬ್ಬಿಯನ್ನು ಮಾತ್ರ ಅವರು ಬರೆಯಲು ಮರೆತಿರಬೇಕು.

"ಒಂದು ತುತ್ತು ತಿನ್ನೇ" ಎಂದರು ಕಲ್ಲಮ್ಮ.

"ಸೇರ್ತಿಲ್ಲ ಕಲ್ಲಮ್ಮಕ್ಕ."

ಮಾಚೇನಹಳ್ಳಿ ದಾಟುವಾಗ ಕಾಂತರಾಜ್ ತನ್ನ ಫೌಂಡ್ರಿಯ ಗೇಟನ್ನು ತೋರಿಸಿ, "ಇಪ್ಪತ್ತು ವರ್ಷದಲ್ಲಿ ಶನಿವಾರ ರಜ ಹಾಕಿದ್ದು ಇದೇ ಮೊದ್ಲು. ನಿಮ್ಮ ದೊಡ್ಡಮ್ಮ ಅಂದ್ರೆ ನಂಗೂ ಅಷ್ಟೇ" ಎಂದ. ರಂಜಿನಿಗೆ ಅಳು ಬಂತು. ಕಲ್ಲಮ್ಮ ತಮ್ಮ ಸೆರಗಿನಿಂದಲೇ ಅವಳ ಕಣ್ಣೊರೆಸಿ, "ನೋಡಿ, ಎಷ್ಟು ಹಚ್ಕೊಂಡಿದಾಳೆ" ಎಂದು ಎಲ್ಲರಿಗೂ ತಿಳಿಸಿದರು.

ಭದ್ರಾವತಿಯ ನ್ಯೂಟೌನಿನಲ್ಲಿ ಕವನಳ ಮನೆ. ವ್ಯಾನ್ ನಿಂತ ಸದ್ದಿಗೆ ಅವಳೇ ಬಾಗಿಲು ತೆಗೆದಳು. ಹಳದಿ ಹೂವಿನ ಕುರ್ತಾ, ತಲೆಯ ಮೇಲೆ ಕಪ್ಪು ಕನ್ನಡಕ, ಬಿಳಿಯ ಟೋಪಿ, ಕೈಯಲ್ಲಿ ಸೆಲ್ಫಿ ಕೋಲು. ಪಾರ್ಲರಿನವಳು ತಿಕ್ಕಿದ ಮುಖ ಹೊಸ ಹಂಚಿನಂತೆ ಹೊಳೆಯುತ್ತಿತ್ತು. ವ್ಯಾನಿನಿಂದ ಒಬ್ಬರ ಹಿಂದೆ ಒಬ್ಬರು ಸಾವಿನ ಮುಖ ಹೊತ್ತು ಇಳಿಯುವುದನ್ನು ಕಂಡು ಆ ಹೊಳಪು ನಿಂತಲ್ಲೇ ಆರಿತು.

ಅಷ್ಟರಲ್ಲಿ ಅವಳ ಗಂಡ ಭೀಮೇಶ್ ಓಡಿಬಂದ. ಹೈಸ್ಕೂಲಿನ ವ್ಯಾಯಾಮ ಮೇಷ್ಟ್ರು. ಆರಡಿ ಎತ್ತರ, ಕೊರಳಲ್ಲಿ ರಜೆಯ ದಿನವೂ ತೆಗೆಯದ ಸೀಟಿ, ಆದರೆ ಕಣ್ಣೀರು ಮಾತ್ರ ಎಲ್‌ಕೆಜಿ ಮಗುವಿನಷ್ಟು ಸಲೀಸು. ದಾರಿಯಲ್ಲೇ ಕಾಂತರಾಜ್ ಅವನಿಗೆ ಫೋನಿನಲ್ಲಿ ವಿಷಯ ತಿಳಿಸಿದ್ದ.

"ಭಾವ, ಇವಳು ನಂಗೆ ಏನು ಹೇಳಿದ್ಲು ಗೊತ್ತಾ? ಅರಮನೆ ನೋಡೋಕೆ ಹೋಗ್ತೀನಿ ಅಂದ್ಲು! ಒಳಗೆ ಅಂಥ ಸಂಕಟ ಇಟ್ಕೊಂಡು, ನಂಗೆ ಬೇಜಾರಾಗ್ಬಾರ್ದು ಅಂತ ಟೋಪಿ ಬೇರೆ ಹಾಕ್ಕೊಂಡು ನಿಂತಿದಾಳೆ! ಇಂಥ ಹೆಂಡ್ತಿ ಯಾರಿಗೆ ಸಿಗ್ತಾಳೆ ಹೇಳಿ."

ಭೀಮೇಶ್ ಗಳಗಳ ಅತ್ತ. ಕವನ ಅಕ್ಕನ ಮೊಣಕೈ ಹಿಡಿದು ಅಡುಗೆಮನೆಗೆ ಎಳೆದೊಯ್ದು ಬಾಗಿಲು ಮುಂದೆ ಮಾಡಿದಳು.

"ಏನಂದೆ ಮನೇಲಿ?"

"ಶೇಷಮ್ಮ ದೊಡ್ಡಮ್ಮ ಊಟ ಬಿಟ್ಟಿದಾರೆ ಅಂದೆ."

"ಅಯ್ಯೋ ಮಾರಾಯ್ತಿ! ಜ್ವರ ಅನ್ನೋಕೆ ಏನಾಗಿತ್ತು ನಿಂಗೆ?"

"ಜ್ವರಕ್ಕೆ ರಾತ್ರಿ ಉಳಿಯೋಕೆ ಬಿಡಲ್ಲ ಕಣೇ!"

"ಕಾಲು ಮುರೀಬೇಕಿತ್ತು."

"ಕಾಲು ಮುರಿದ್ರೆ ಒಂದೇ ರಾತ್ರಿ."

ಕವನ ಟೋಪಿ ತೆಗೆದು ಅಕ್ಕಿಡಬ್ಬದ ಮೇಲಿಟ್ಟಳು. "ನಾನು ನಿಜ ಹೇಳ್ದೆ, ಅದನ್ನೂ ನಂಬ್ಲಿಲ್ಲ. ನೀನು ಸುಳ್ಳು ಹೇಳ್ದೆ, ಊರೇ ನಂಬಿದೆ. ಈಗ ಮೈಸೂರಿಗೆ ಹೋಗಿ ನಿಂತಾಗ ದೊಡ್ಡಮ್ಮ ಬಾಗಿಲಲ್ಲಿ ಕೂತು ಚಕ್ಕುಲಿ ಕಡೀತಿದ್ರೆ ಏನ್ಮಾಡ್ತೀಯ?"

ಚಕ್ಕುಲಿಯ ಆ ಸದ್ದು ರಂಜಿನಿಯ ಕಿವಿಗೆ ಈಗಲೇ ಕೇಳಿಸಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಇನ್ನೂ ಐದು ತಾಸು ಆ ಡಬ್ಬಿ ಹೊತ್ತು ಕೂರುವುದಕ್ಕಿಂತ ಇಲ್ಲೇ ಬೈಸಿಕೊಳ್ಳುವುದು ಮೇಲು. ಬೈದು ಮುಗಿದ ಮೇಲೆ ಮಧ್ಯಾಹ್ನದ ರೈಲಾದರೂ ಸಿಕ್ಕೀತು. ನೆಟ್ಟಗೆ ಹಾಲಿಗೆ ನಡೆದು ನಡುವೆ ನಿಂತಳು.

"ಎಲ್ರೂ ಕೇಳಿ. ದೊಡ್ಡಮ್ಮಂಗೆ ಏನೂ ಆಗಿಲ್ಲ. ಚೆನ್ನಾಗೇ ಉಣ್ತಿದಾರೆ. ನಾನು ಹೇಳಿದ್ದು ಸುಳ್ಳು. ನಾನೂ ಕವನಾನೂ ಸುಮ್ನೆ ಎರಡು ದಿನ ಮೈಸೂರು ನೋಡೋಕೆ ಹೊರಟಿದ್ವಿ."

ಹೇಳಿಬಿಟ್ಟಳು! ಇಪ್ಪತ್ತನಾಲ್ಕು ವರ್ಷದಿಂದ ಗಂಟಲಲ್ಲಿದ್ದ ಮೀನುಮುಳ್ಳು ಇಳಿದಂತಾಯಿತು. ಇನ್ನು ಬೈಗುಳ ಬೀಳಲೆಂದು ಕಣ್ಣುಮುಚ್ಚಿ ಕಾದಳು. ಬೀಳಲಿಲ್ಲ. ಕಣ್ಣು ಬಿಟ್ಟರೆ ಎಲ್ಲರೂ ಅವಳನ್ನು ಕರುಣೆಯಿಂದ ನೋಡುತ್ತಿದ್ದರು.

"ಇವಳು ಹೇಳಿದ್ದೂ ಹಿಂಗೇನೇ" ಎಂದು ಭೀಮೇಶ್ ಬಿಕ್ಕಿದ. "ಇಬ್ರೂ ಮಾತಾಡ್ಕೊಂಡಿದಾರೆ, ಭಾವ. ನಮ್ಮನ್ನ ದುಃಖದಿಂದ ದೂರ ಇಡೋಕೆ."

"ಸುಮ್ನೆ ಅಂತ ಯಾವ ಹೆಂಗಸು ಮೈಸೂರಿಗೆ ಹೋಗ್ತಾಳೆ?" ಎಂದರು ಉಚ್ಚಂಗಮ್ಮ. "ನಂಗೆ ಎಪ್ಪತ್ತೆಂಟಾಯ್ತು. ನಾನು ಹೋಗಿದೀನಾ? ನೀರು ಕೊಡಿ ಅವಳಿಗೆ. ಪಾಪ, ತಲೆ ಓಡ್ತಿಲ್ಲ."

ಕಲ್ಲಮ್ಮ ವಿಭೂತಿಯ ಪೊಟ್ಟಣ ಬಿಚ್ಚಿ ರಂಜಿನಿಯ ಹಣೆಗೆ ಮೂರು ಬೆರಳಿನಷ್ಟು ಬಳಿದರು. ಆಗಲೇ ಹೊರಗೆ ಕಾರೊಂದು ನಿಂತ ಸದ್ದಾಯಿತು.

ಮೊದಲು ಇಳಿದವನು ಶೇಷಮ್ಮನವರ ಮಗ ಚಂದ್ರಹಾಸ. ಅವನನ್ನು ಕಂಡು ಉಚ್ಚಂಗಮ್ಮ ಎದೆ ಹಿಡಿದುಕೊಂಡರು. ಸುದ್ದಿ ಹೇಳಲು ಮಗನೇ ಇಲ್ಲಿಯವರೆಗೆ ಬಂದನೆಂದರೆ ಎಲ್ಲ ಮುಗಿದಂತೆಯೇ. ಅವರ ಬಾಯಿಂದ ರಾಗ ಹೊರಡಬೇಕು, ಅಷ್ಟರಲ್ಲಿ ಕಾರಿನ ಹಿಂದಿನ ಬಾಗಿಲು ತೆರೆಯಿತು. ಅದರಿಂದ ಶೇಷಮ್ಮನವರು ಯಾರ ಕೈಯನ್ನೂ ಹಿಡಿಯದೆ ಇಳಿದರು. ಜರಿಯಂಚಿನ ಸೀರೆ, ಕಾಲಿಗೆ ಬಿಳಿಯ ಕ್ಯಾನ್ವಾಸ್ ಶೂ. ಅವರ ಹಿಂದೆ ಅವರ ತಂಗಿ, ರಂಜಿನಿಯ ಚಿಕ್ಕಮ್ಮ. ಅವರ ಕಾಲಿಗೂ ಅದೇ ಶೂ.

ಕಲ್ಲಮ್ಮ "ಶಿವ ಶಿವಾ" ಎಂದು ಉಳಿದ ವಿಭೂತಿಯನ್ನು ತಮ್ಮ ಹಣೆಗೇ ಬಳಿದುಕೊಂಡರು.

"ಅತ್ತೇ, ನೀವು ನಡೀತಿದೀರಲ್ಲ!" ಎಂದ ಕಾಂತರಾಜ್.

"ಅಮ್ಮಾ, ರಂಜಿನಿ ನಿಂತಿದಾಳಲ್ಲ!" ಎಂದ ಚಂದ್ರಹಾಸ.

ಒಂದು ಕಡೆ ಮೈಸೂರು, ಒಂದು ಕಡೆ ಶಿವಮೊಗ್ಗ. ಯಾರು ಯಾರಿಗಾಗಿ ಅಳಬೇಕೆಂದು ತಿಳಿಯದೆ ಎದುರುಬದುರು ನಿಂತವು.

"ನಿಂತ್ರೇನೀಗ?" ಎಂದ ಕಾಂತರಾಜ್. ಚಂದ್ರಹಾಸ ಗೊಂದಲದಿಂದ ಹೇಳಿದ, "ರಂಜಿನಿ ಊಟ ಬಿಟ್ಟಿದಾಳೆ, ಒಂದ್ಸಲ ಮುಖ ನೋಡ್ಬೇಕು, ಎರಡು ರಾತ್ರಿ ಜೊತೇಲಿರ್ಬೇಕು ಅಂತ ಅಮ್ಮ ಗುರುವಾರದಿಂದ ಹಠ. ಬಸ್ಸಲ್ಲಿ ನಾವಿಬ್ರೇ ಹೋಗ್ತೀವಿ ಅಂದ್ರು. ಅಂಥ ಸುದ್ದಿ ಕೇಳಿ ನಾನು ಮನೇಲಿ ಕೂರಕ್ಕಾಗುತ್ತಾ? ಕಾರ್ ತೆಗೆದೆ. ಮೊದ್ಲು ಇಲ್ಲಿಗೆ ಬಂದು ಕವನಾನ ಕರ್ಕೊಂಡು ಆಲ್ಕೊಳಕ್ಕೆ ಹೋಗೋಣ ಅಂದ್ರು ಅಮ್ಮ. ಫೋನ್ ಮಾಡಿ ಕೇಳೋ ಹಂಗೂ ಇರ್ಲಿಲ್ಲ ನೋಡಿ."

ರಂಜಿನಿ ದೊಡ್ಡಮ್ಮನನ್ನು ನೋಡಿದಳು. ದೊಡ್ಡಮ್ಮ ರಂಜಿನಿಯನ್ನು ನೋಡಿದರು. ಎಂಬತ್ತೆರಡರ ಆ ಕಣ್ಣುಗಳಲ್ಲಿ ಮಾವಿನಕಾಯಿ ಕದ್ದು ಸಿಕ್ಕಿಬಿದ್ದ ಹುಡುಗಿಯ ಭಯವಿತ್ತು. ಆದರೆ ಅನುಭವ ದೊಡ್ಡದು. ಮುದುಕಿ ಎರಡೇ ಹೆಜ್ಜೆಯಲ್ಲಿ ಬಂದು ರಂಜಿನಿಯ ಕೆನ್ನೆ ಹಿಡಿದರು.

"ಅಯ್ಯೋ ಕಂದಾ, ಎಷ್ಟು ಸೊರಗಿದೀಯೇ!"

ಶಾವಿಗೆ ಒತ್ತಿ ಬಾಡಿದ ಮುಖ, ಅತ್ತು ಊದಿದ ಕಣ್ಣು, ಹಣೆಯ ತುಂಬ ವಿಭೂತಿ. ಆ ಹೊತ್ತಿಗೆ ಅವಳಿಗಿಂತ ಒಳ್ಳೆಯ ರೋಗಿ ಇಡೀ ಜಿಲ್ಲೆಯಲ್ಲಿ ಸಿಗುತ್ತಿರಲಿಲ್ಲ.

"ಹೌದಲ್ಲ!" ಎಂದು ಕಲ್ಲಮ್ಮ ಕೂಗಿದರು. "ಬೆಳಗ್ಗೆಯಿಂದ ಇವಳು ಒಂದು ತುತ್ತು ಬಾಯಿಗಿಟ್ಟಿಲ್ಲ! ವ್ಯಾನಲ್ಲಿ ನಾನೇ ಕೊಟ್ಟೆ, ಸೇರ್ತಿಲ್ಲ ಅಂದ್ಲು!"

ಎಲ್ಲರ ಕಣ್ಣೂ ರಂಜಿನಿಯ ಮೇಲೆ ತಿರುಗಿದವು. ಉಚ್ಚಂಗಮ್ಮ ನಿಧಾನವಾಗಿ ಕುರ್ಚಿಯಿಂದೆದ್ದರು. ಅವರ ಕಣ್ಣು ತುಂಬಿತ್ತು.

"ನಂಗೀಗ ಅರ್ಥ ಆಯ್ತು. ಮೈಯಲ್ಲಿ ಹುಷಾರಿಲ್ಲದ್ದು ಇವಳಿಗೆ. ನಮ್ಗೆ ಹೇಳಿದ್ರೆ ಗಾಬರಿ ಆಗ್ತೀವಿ ಅಂತ ದೊಡ್ಡಮ್ಮನ ಹೆಸ್ರು ಹೇಳಿದಾಳೆ. ಮೈಸೂರಿಗೆ ಹೊರಟಿದ್ದು ದೊಡ್ಡ ಡಾಕ್ಟರ್‌ಗೆ ತೋರಿಸ್ಕೊಳ್ಳೋಕೆ. ಈ ಸ್ಥಿತೀಲಿ ಇವಳ ಕೈಲಿ ನಾನು ಮೂರು ಸೇರು ಶಾವಿಗೆ ಒತ್ತಿಸ್ದೆನಲ್ಲೋ, ಪಾಪಿ ನಾನು!"

"ಅತ್ತೆ, ನಂಗೇನೂ ಆಗಿಲ್ಲ..."

"ನೋಡಿದ್ರಾ? ಇನ್ನೂ ಮುಚ್ಚಿಡ್ತಿದಾಳೆ!" ಎಂದು ಭೀಮೇಶ್ ಅವಳನ್ನು ಹೈಜಂಪಿನಲ್ಲಿ ಬಿದ್ದ ವಿದ್ಯಾರ್ಥಿನಿಯಂತೆ ತೋಳಿನಲ್ಲಿ ಎತ್ತಿಕೊಂಡು ಹೋಗಿ ಮಂಚದ ಮೇಲೆ ಮಲಗಿಸಿಯೇಬಿಟ್ಟ. ಕಾಂತರಾಜ್ ಬಿಳಿಚಿಕೊಂಡು ಕಾಲ ಬುಡದಲ್ಲಿ ನಿಂತ. ಸ್ಟಾಕಿನಲ್ಲಿ ಯಾವುದೋ ಮುಖ್ಯವಾದದ್ದು ಕಡಿಮೆಯಾಗಿರುವುದು ಈಗಷ್ಟೇ ಕಣ್ಣಿಗೆ ಬಿದ್ದವನಂತೆ.

"ಎಲ್ರೂ ಆಚೆ ನಡೀರಿ. ನಾವು ಹೆಂಗಸರು ನೋಡ್ಕೋತೀವಿ" ಎಂದು ಶೇಷಮ್ಮನವರು ಕವನಳೊಬ್ಬಳನ್ನು ಉಳಿಸಿಕೊಂಡು ಬಾಗಿಲು ಹಾಕಿದರು. ಮಂಚದ ತುದಿಯಲ್ಲಿ ಕೂತು ಶೂ ಲೇಸು ಬಿಗಿ ಮಾಡಿಕೊಂಡರು.

"ದೊಡ್ಡಮ್ಮ, ಏನಿದು!"

"ನೀನು ಹೇಳಿದ್ದು ಯಾರ ಹೆಸ್ರು?"

"...ನಿಮ್ದು."

"ಹಾಗಿದ್ರೆ ಸರಿ ಹೋಯ್ತು." ದೊಡ್ಡಮ್ಮ ದನಿ ಇಳಿಸಿದರು. "ಕೇಳೇ. ನಾನೂ ನನ್ನ ತಂಗೀನೂ ಜೊತೇಲಿ ಎಲ್ಲಿಗಾದ್ರೂ ಹೋಗಿ ಅರವತ್ತು ವರ್ಷ ಆಯ್ತು. ಬರೀ ಹೆಣ ನೋಡೋಕೆ, ಹೆಣ್ಣು ನೋಡೋಕೆ ಹೋಗಿದ್ದೇ ಆಯ್ತು. ಒಂದ್ಸಲ ನಾವಿಬ್ರೇ ಶಿವಮೊಗ್ಗದ ಕೋಟೆ ನೋಡೋಣ, ಶಿವಪ್ಪ ನಾಯಕನ ಅರಮನೆ ನೋಡೋಣ, ತುಂಗೇಲಿ ಕಾಲು ಇಳಿಬಿಟ್ಕೊಂಡು ಕೂರೋಣ ಅಂತ ಆಸೆ ಆಯ್ತು. ಮಗ ಯಾಕೆ ಅಂದ. ಏನು ಹೇಳ್ಲಿ?"

"ಜ್ವರ ಅನ್ಬಹುದಿತ್ತಲ್ಲ ದೊಡ್ಡಮ್ಮ" ಎಂದಳು ಕವನ.

"ಜ್ವರಕ್ಕೆ ಎರಡು ರಾತ್ರಿ ಯಾರು ಬಿಡ್ತಾರೆ?"

ಕವನ ಅಕ್ಕನನ್ನು ಮೊಣಕೈಯಿಂದ ತಿವಿದಳು.

"ಕಾರಲ್ಲಿ ಇವನ ಮುಂದೆ ನೀನು ಫೋನ್ ಮಾಡಿ ನಗ್ತಾ ಮಾತಾಡ್ಬಿಟ್ರೆ ಏನು ಗತಿ ಅಂತ ಫೋನ್ ಆಫ್ ಮಾಡಿಟ್ಟಿದ್ದೆ." ದೊಡ್ಡಮ್ಮ ರಂಜಿನಿಯ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದರು. "ಎದ್ದು ನಿಜ ಹೇಳ್ಬಿಡ್ತೀಯಾ, ಹೇಳು. ನಿನ್ನಿಷ್ಟ. ಆದ್ರೆ ನಂಗೆ ಎಂಬತ್ತೆರಡು. ಇನ್ನೊಂದ್ಸಲ ಬರೋಕೆ ಇನ್ನೊಂದು ಸುಳ್ಳು ಹುಟ್ಟಿಸೋವಷ್ಟು ಟೈಮಿಲ್ಲ. ನಿಂಗಿನ್ನೂ ಇದೆ. ಸೋಮವಾರದವರೆಗೆ ಮಲ್ಕೋ, ಕಂದ. ನಿನ್ನ ದಮ್ಮಯ್ಯ."

ರಂಜಿನಿ ಸೂರು ನೋಡಿದಳು. ಬಿಳಿಯ ಶೂ ನೋಡಿದಳು. ಅದರ ಮೇಲೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ಬಗ್ಗಿ ಅದನ್ನು ಕಿತ್ತು ತೆಗೆದು, ಹೊದಿಕೆ ಕುತ್ತಿಗೆಯವರೆಗೆ ಎಳೆದುಕೊಂಡಳು.

ಐದು ನಿಮಿಷದಲ್ಲಿ ಶೇಷಮ್ಮನವರು ಹಾಲಿನಲ್ಲಿ ಘೋಷಿಸಿದರು: ರಂಜಿನಿಯ ಹೆಸರಿನಲ್ಲಿ ಶಿವಮೊಗ್ಗದ ಕೋಟೆ ಆಂಜನೇಯನಿಗೆ ಇವತ್ತೇ ಪೂಜೆಯಾಗಬೇಕು, ನಾಡಿದ್ದು ಸೋಮವಾರ ಸೂರ್ಯೋದಯಕ್ಕೆ ಇನ್ನೊಂದು. ತಾವೂ ತಂಗಿಯೂ ಅಲ್ಲೇ ಆಲ್ಕೊಳದ ಮನೆಯಲ್ಲಿ ಉಳಿದು ಮಾಡಿಸಿಕೊಂಡು ಬರುತ್ತಾರೆ. ಹಾಲೇಶನ ವ್ಯಾನ್ ಹೇಗೂ ನಿಂತಿದೆ. ಉಳಿದವರೆಲ್ಲ ರೋಗಿಯ ಹತ್ತಿರ ಇರಲಿ. ದಾರಿ ತೋರಿಸಲು ಕವನ ಬರಲಿ.

"ನಾನಾ?" ಎಂದಳು ಕವನ. ಬಾಗಿಲ ಸಂದಿಯಿಂದ ಅಕ್ಕನ ಕಡೆ ಒಮ್ಮೆ ಅಳುಮುಖ ಮಾಡಿದಳು. ಆಮೇಲೆ ಅಡುಗೆಮನೆಗೆ ಹೋಗಿ ಅಕ್ಕಿಡಬ್ಬದ ಮೇಲಿನ ಟೋಪಿ ತಂದು, ವ್ಯಾನ್ ಹತ್ತಿದ ಮೇಲೆ ಹಾಕಿಕೊಂಡಳು. ಹಿಂದಿನ ಸೀಟಿನಲ್ಲಿ ಮುದುಕಿಯರಿಬ್ಬರೂ ಒಂದೇ ಕಿಟಕಿಗೆ ಜಗಳವಾಡುತ್ತಿದ್ದದ್ದು ಗೇಟಿನವರೆಗೂ ಕೇಳಿಸಿತು.

ರಂಜಿನಿ ಮಲಗಿದಳು. ಯಾರೂ ಅವಳನ್ನು ಏನೂ ಕೇಳಲಿಲ್ಲ. ಮದುವೆಯಾದ ಮೇಲೆ ಹಗಲು ಹೊತ್ತಿನಲ್ಲಿ ಹೀಗೆ ಮಲಗಿದ್ದು ಇದೇ ಮೊದಲೆಂದು ಲೆಕ್ಕ ಹಾಕುವಷ್ಟರಲ್ಲಿ ಬಾಗಿಲಾಚೆ ಸ್ಟೀಲ್ ಡಬ್ಬಿಯ ಮುಚ್ಚಳ ತೆರೆಯಿತು. ಕಾಯಿಹಾಲು, ಬೆಲ್ಲ, ಏಲಕ್ಕಿಯ ವಾಸನೆ ಬಾಗಿಲ ಸಂದಿನಿಂದ ತೆವಳಿಕೊಂಡು ಒಳಗೆ ಬಂತು.

"ರಂಜಿನಿ ಕೈರುಚಿ ಅಂದ್ರೆ ರಂಜಿನಿ ಕೈರುಚಿ" ಎಂದ ಚಂದ್ರಹಾಸ, ಬಾಯಿತುಂಬ.

"ಇನ್ನೊಂದು ಸ್ವಲ್ಪ ಹಾಕಿಸ್ಕೋ ಮಾರಾಯ. ಮತ್ಯಾವಾಗ ಸಿಗುತ್ತೋ" ಎಂದರು ಕಲ್ಲಮ್ಮ. "ದನಿ ಮೆಲ್ಲಗಿರ್ಲಿ. ಊಟ ಬಿಟ್ಟೋರ ಎದುರು ಉಣ್ಬಾರ್ದು."

ಅರ್ಧ ಗಂಟೆ ತಡೆದಳು. ದೊಡ್ಡಮ್ಮನ ಬಿಳಿಯ ಶೂ ನೆನೆಸಿಕೊಂಡು ಇನ್ನೊಂದು ಕಾಲು ಗಂಟೆ ತಡೆದಳು. ಬೆಳಗ್ಗೆಯಿಂದ ಖಾಲಿಯಿದ್ದ ಹೊಟ್ಟೆ ಅಷ್ಟರಲ್ಲಿ ಹಳೇ ರೈಲಿನಂತೆ ಕೂಗತೊಡಗಿತ್ತು. ಸೌಟು ಡಬ್ಬಿಯ ತಳ ಕೆರೆದ ಸದ್ದು ಕೇಳಿದ್ದೇ ತಡ, ದೊಡ್ಡಮ್ಮ, ಕೋಟೆ, ಮಾತು ಎಲ್ಲ ಮರೆತುಹೋಯಿತು. ಹೊದಿಕೆ ಒದ್ದು ಎದ್ದು ಕೂತು ಗಂಟಲು ಹರಿಯುವಂತೆ ಕೂಗಿದಳು.

"ರೀ! ನಂಗೆ ಹಸಿವಾಗ್ತಿದೆ! ಒಂದು ತಟ್ಟೆ ತುಂಬಾ ಶಾವಿಗೆ ತಗೊಂಡ್ಬನ್ನಿ!"

ಹಾಲಿನಲ್ಲಿ ಚಮಚಗಳ ಸದ್ದು ಒಮ್ಮೆಲೇ ನಿಂತಿತು. ಆಮೇಲೆ ಉಚ್ಚಂಗಮ್ಮನ ದನಿ, ಬಾವಿಯೊಳಗಿಂದ ಬಂದಂತೆ, ಮೆಲ್ಲಗೆ ಕೇಳಿಸಿತು.

"ಕೇಳಿದ್ರಾ? ಆರೋಕೆ ಮುಂಚೆ ದೀಪ ಒಂದ್ಸಲ ಜೋರಾಗಿ ಉರಿಯೋದೇ ಹಿಂಗೆ. ಕಾಂತರಾಜಾ, ಇನ್ನು ತಡ ಮಾಡ್ಬೇಡ ಕಣೋ. ಚಿತ್ರದುರ್ಗದ ನೆಂಟ್ರಿಗೂ ತಿಳಿಸ್ಬಿಡು."